ಗ್ರಾಫ್ಲೆಕ್ಸ್ ಪ್ರತಿಕೃತಿಗೆ ಅಸಲಿ ಬಬಲ್ ಪಟ್ಟಿ ಕೂರಿಸೋದು ಹೇಗೆ?

ಪ್ರಶ್ನೆ: 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ನಾಯಕ ಲ್ಯೂಕ್‌ನ ಬೆಳಕಿನ ಕತ್ತಿ, ಲೈಟ್‌ಸೇಬರ್ ಕಟ್ಟುತ್ತಿದ್ದೇನೆ. ಹಿಡಿಕೆ (ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲ್ಯಾಶ್ ಹಿಡಿಕೆಯ ನಕಲು) ಹೊಸದು, ಬಬಲ್ ಪಟ್ಟಿ (ಅಂಕಿಗಳನ್ನು ದೊಡ್ಡದಾಗಿ ತೋರಿಸೋ ಉಬ್ಬು ಲೆನ್ಸ್‌ಗಳ ಸಾಲು) ಮಾತ್ರ ಹಳೇ ಎಕ್ಸಾಕ್ಟ್ರಾ ಕ್ಯಾಲ್ಕುಲೇಟರ್‌ನದು. ಹಿಡಿಕೆಯನ್ನು ಸುತ್ತಿ ಬಿಗಿಯುವ ಕ್ಲ್ಯಾಂಪ್‌ನಲ್ಲಿ ಪಟ್ಟಿ ಅಲ್ಲಾಡುತ್ತಿದೆ. ಸೂಪರ್ ಗ್ಲೂ ಹಾಕಬಹುದಾ?

ಉತ್ತರ 1: ಖಂಡಿತ ಬೇಡ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಕೂತು ಬೆಳ್ಳಗೆ ಮಂಜು ಕಟ್ಟುತ್ತೆ. ಪಟ್ಟಿಯ ಎರಡೂ ತುದಿಯ ಕೆಳಗೆ ಮಾತ್ರ ತೆಳು ಡಬಲ್-ಸೈಡ್ ಟೇಪಿನ ಚೂರು ಅಂಟಿಸಿ. ಲೆನ್ಸ್ ಕೆಳಗೆ ಬಂದರೆ ಟೇಪು ದೊಡ್ಡದಾಗಿ ಕಾಣುತ್ತೆ. ಒರೆಸಲು ಸೋಪಿನ ನೀರು ಸಾಕು, ಅಸಿಟೋನ್ ತಾಗಿದರೆ ಹಾಳಾಗುತ್ತೆ. ಪಟ್ಟಿ ಹಿಡಿಸದಿದ್ದರೆ ಅರ ಹಾಕಬೇಕಾದ್ದು ಹೊಸ ಕ್ಲ್ಯಾಂಪಿಗೆ, ಹಳೇ ಪಟ್ಟಿಗಲ್ಲ.

ಉತ್ತರ 2: ಮೇಲಿನದು ಸರಿ. ಜೊತೆಗೆ, ಕ್ಲ್ಯಾಂಪಿನ ಲಿವರ್ ಬಲವಂತವಾಗಿ ಒತ್ತಿ ಮುಚ್ಚಬೇಡಿ. ಹಳೇ ಪ್ಲಾಸ್ಟಿಕ್ ಪೆಡಸಾಗಿರುತ್ತೆ, ಮೂಲೆಯಿಂದ ಸೀಳು ಬಿಡುತ್ತೆ. ಮೊದಲು ಅದೇ ದಪ್ಪದ ರಟ್ಟಿನ ತುಂಡು ಇಟ್ಟು ಮುಚ್ಚಿ ನೋಡಿ. ರಟ್ಟಿನ ಮೇಲೆ ಒತ್ತಿದ ಗುರುತು ಬಿದ್ದರೆ ಬಿಗಿ ಜಾಸ್ತಿ.

ಪ್ರಶ್ನೆ ಕೇಳಿದವರು: ಹಿಡಿಕೆಯ ಕೆಳತುದಿಯ ಡಿ-ರಿಂಗೂ (ಬೆಲ್ಟಿಗೆ ತೂಗುಹಾಕೋ ಡಿ ಆಕಾರದ ಬಳೆ) ಹಳೆಯದೇ. ರಿವೆಟ್ ಹೊಡೆಯಲಾ?

ಉತ್ತರ 2: ರಿವೆಟ್ ಹೊಡೆದರೆ ಮುಂದೆ ಕೊರೆದೇ ತೆಗೀಬೇಕು. ದುಂಡು ತಲೆಯ ಸಣ್ಣ ಸ್ಕ್ರೂ, ಒಳಗಿನಿಂದ ಲಾಕ್ ನಟ್ ಹಾಕಿ. ತೂತು, ಹಿಡಿಕೆಯ ತುದಿ ಮುಚ್ಚುವ ಹೊಸ ಎಂಡ್‌ಕ್ಯಾಪಿಗೆ ಮಾತ್ರ.