ಹಲ್ಲಿನ ಡಾಕ್ಟರ್ ಅಂದರೆ ಭಯವಾ? ಇಲ್ಲಿ ಕೇಳಿ

ತುಮಕೂರಿನ ಸದಸ್ಯ: ಮೇಡಂ, ಮೇಲಿನ ದವಡೆ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದಂತೆ. ನಿಜವಾ? ಅದೇ ಭಯಕ್ಕೆ ಮುಂದೂಡುತ್ತಿದ್ದೇನೆ.

ಡಾಕ್ಟರ್: ಸುಳ್ಳು. ಹಲ್ಲಿನ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಧೈರ್ಯವಾಗಿ ಕೀಳಿಸಿ.

ಹಾಸನದ ಸದಸ್ಯೆ: ನಮ್ಮ ಯಜಮಾನರಿಗೆ ಕೆಳಗಿನ ದವಡೆ ಹಲ್ಲು ನೋವು. ಹೋದ ಸಲ ಇಂಜೆಕ್ಷನ್ ಕೊಟ್ಟರೂ ಮರಗಟ್ಟಲೇ ಇಲ್ಲ, ಅರ್ಧಕ್ಕೇ ಎದ್ದು ಬಂದರು. ಈಗ ಕ್ಲಿನಿಕ್ ಅಂದರೆ ಕೈ ನಡುಗುತ್ತದೆ. ಮಾತ್ರೆಯಲ್ಲೇ ದಿನ ತಳ್ಳುತ್ತಿದ್ದಾರೆ. ನಿನ್ನೆಯಿಂದ ಗದ್ದದ ಕೆಳಗೂ ಊದಿದೆ.

ಡಾಕ್ಟರ್: ಅಮ್ಮಾ, ಮೊದಲು ಇದನ್ನು ಹೇಳಿ. ಜ್ವರ ಇದೆಯಾ? ಉಗುಳು ನುಂಗಲು ಆಗುತ್ತಾ? ಬಾಯಿ ಎರಡು ಬೆರಳಷ್ಟಾದರೂ ತೆರೆಯುತ್ತಾ? ಸೋಂಕು ಕುತ್ತಿಗೆಗೆ ಇಳಿದರೆ ಉಸಿರೇ ಕಟ್ಟಬಹುದು. ನುಂಗಲು ಕಷ್ಟವಿದ್ದರೆ ಬೆಳಗಿನವರೆಗೆ ಕಾಯಬೇಡಿ, ಈಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.
ಅವರ ಭಯಕ್ಕೆ ಕಾರಣ ಇದೆ. ಕೀವು ತುಂಬಿದ ಜಾಗದಲ್ಲಿ ಆಮ್ಲ ಜಾಸ್ತಿ, ಅಲ್ಲಿ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಸರಿಯಾಗಿ ಹಿಡಿಯುವುದಿಲ್ಲ. ಸೋಂಕು ಕಡಿಮೆಯಾದ ಮೇಲೆ ಅದೇ ಹಲ್ಲು ಸಾಮಾನ್ಯವಾಗಿ ಚೆನ್ನಾಗಿ ಮರಗಟ್ಟುತ್ತದೆ. ಹೋದ ಸಲ ಆದದ್ದನ್ನು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಲಿ. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಲಿ. ಇಂಜೆಕ್ಷನ್ ಆದಮೇಲೆ ಎದೆ ಡವಡವ ಅನ್ನಬಹುದು, ಅದರಲ್ಲಿರುವ ಅಡ್ರಿನಲಿನ್‌ನಿಂದ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮರಗಟ್ಟಿದ ಮೇಲೂ ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ. ನೋವಾದರೆ ಸಹಿಸಿಕೊಂಡು ಕೂರಬಾರದು.

ಮಂಡ್ಯದ ಸದಸ್ಯ: ಅಕ್ಕಾ, ಲವಂಗದ ಎಣ್ಣೆ ಹತ್ತಿಯಲ್ಲಿ ಇಡಿ, ಊತಕ್ಕೆ ಬಿಸಿ ಶಾಖ ಕೊಡಿ. ವಾಟ್ಸಾಪಲ್ಲಿ ಬಂದಿದೆ.

ಡಾಕ್ಟರ್: ಎರಡೂ ಬೇಡ. ಲವಂಗದ ಎಣ್ಣೆಗೆ ಒಸಡು ಸುಡುತ್ತದೆ, ಕೀವು ಹೋಗುವುದಿಲ್ಲ. ಹಲ್ಲಿನ ಪಕ್ಕ ಆಸ್ಪಿರಿನ್ ಇಟ್ಟು ಒಸಡು ಬೆಳ್ಳಗೆ ಸುಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ.

ಮಂಡ್ಯದ ಸದಸ್ಯ: ನಮ್ಮಜ್ಜಿ ಇದರಲ್ಲೇ ವಾಸಿ ಮಾಡುತ್ತಿದ್ದರು. ಕ್ಲಿನಿಕ್‌ನವರಿಗೆ ದುಡ್ಡು ಬೇಕು, ಅಷ್ಟೇ.

ಶಿವಮೊಗ್ಗದ ಸದಸ್ಯೆ: ಅವರು ಗಾಬರಿಯಲ್ಲಿದ್ದಾರೆ. ದುಡ್ಡಿನ ಮಾತು ಈಗ ಬೇಕಿತ್ತಾ?

ಮಂಡ್ಯದ ಸದಸ್ಯ: ನಿಮ್ಮನ್ನು ಯಾರೂ ಕೇಳಲಿಲ್ಲ.

ಶಿವಮೊಗ್ಗದ ಸದಸ್ಯೆ: ಗ್ರೂಪಲ್ಲಿ ಹಾಕಿದ ಮೇಲೆ ಕೇಳಿಸಿಕೊಳ್ಳಬೇಕು ಸ್ವಾಮಿ.

ಮೈಸೂರಿನ ಸದಸ್ಯ: ರೂಟ್ ಕೆನಾಲ್‌ಗೆ ಎಷ್ಟಾಗುತ್ತದೆ?

ಧಾರವಾಡದ ಸದಸ್ಯ: ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಆಗಲ್ಲ ಅಲ್ವಾ ಮೇಡಂ?

ಡಾಕ್ಟರ್: ಮೇಲೆ ಹೇಳಿದ್ದೇನೆ, ಓದಿ.

ಹಾಸನದ ಸದಸ್ಯೆ: ನುಂಗಲು ಕಷ್ಟ ಅಂತಿದ್ದಾರೆ. ಆಟೋ ಹತ್ತಿದ್ದೇವೆ.

ಡಾಕ್ಟರ್: ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ. ನುಂಗಿದ ಮಾತ್ರೆಗಳ ಪಟ್ಟಿ ಜೊತೆಗಿರಲಿ. ತಲುಪಿದ ಮೇಲೆ ಇಲ್ಲಿ ಬರೆಯಿರಿ.

ಉಡುಪಿಯ ಸದಸ್ಯೆ: ಅಪ್ಪನಿಗೆ ರಕ್ತ ತೆಳುವಾಗುವ ಮಾತ್ರೆ ಇದೆ. ಹಲ್ಲು ಕೀಳಿಸುವ ಮುಂಚೆ ನಿಲ್ಲಿಸಲಾ?

ಡಾಕ್ಟರ್: ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಮಂಡ್ಯದ ಸದಸ್ಯ: ಫಾರ್ವರ್ಡ್: ಬೆಳ್ಳುಳ್ಳಿ ಜಜ್ಜಿ ರಾತ್ರಿಯಿಡೀ ಹಲ್ಲಿನ ಸಂದಿಯಲ್ಲಿಡಿ, ಡಾಕ್ಟರ್ ಬೇಕಿಲ್ಲ.

ಡಾಕ್ಟರ್: ಅಡ್ಮಿನ್, ಇದನ್ನು ತೆಗೆಯಿರಿ. ಬೆಳ್ಳುಳ್ಳಿಗೂ ಒಸಡು ಸುಡುತ್ತದೆ.