1971ರ ಟಿ-55 ಟ್ಯಾಂಕ್ ಮಾಡೆಲ್: ಚೈನು ಚಕ್ರದ ಮೇಲೆ ಕೂರುತ್ತಿಲ್ಲ, ನಳಿಕೆ ನಡುವಿನ ಡಬ್ಬಿ ಹೇಗೆ ಮಾಡಲಿ?

ಕಡಲತೀರದ ಕಿಟ್
ಎಲ್ಲರಿಗೂ ನಮಸ್ಕಾರ. ಟಮಿಯಾ ಕಂಪನಿಯ 1/35 ಅಳತೆಯ ಟಿ-55ಎ ಟ್ಯಾಂಕ್ ಕಿಟ್ ಹಿಡಿದು ಕೂತು ಎರಡು ತಿಂಗಳಾಯಿತು. ದೊಡ್ಡಪ್ಪನಿಗಾಗಿ ಮಾಡುತ್ತಿದ್ದೇನೆ. 1971ರ ಯುದ್ಧದಲ್ಲಿ ಜಮ್ಮುವಿನ ಛಂಬ್‌ನಲ್ಲಿ ಟಿ-55ರ ಲೋಡರ್, ಅಂದರೆ ಫಿರಂಗಿಗೆ ಶೆಲ್ ತುಂಬುವವರು ಆಗಿದ್ದರು. ಮೊನ್ನೆ ಹಾಸನದಿಂದ ಮಂಗಳೂರಿಗೆ ಬಂದವರು ಅರ್ಧ ಮುಗಿದ ಮಾಡೆಲ್ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಚೈನು ಇಷ್ಟು ಬಿಗಿ ಇರಲ್ಲ ಮಗಾ, ಮೇಲ್ಗಡೆ ಚಕ್ರದ ಮೇಲೇ ಮಲಗಿರುತ್ತೆ. ನಮ್ಮ ನಳಿಕೆ ನಡುವೆ ಒಂದು ಡಬ್ಬಿ ಇತ್ತಲ್ಲ, ಅದೆಲ್ಲಿ?" ಅಂದರು.

ಡಬ್ಬಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಿಟ್‌ನ ವಿನೈಲ್ ಟ್ರ್ಯಾಕ್ (ಅದೇ ಚೈನು) ರಬ್ಬರ್ ಬ್ಯಾಂಡಿನಂತೆ ಚಕ್ರದಿಂದ ಮೇಲೆದ್ದು ನಿಲ್ಲುತ್ತದೆ. ಬಿಡಿ ಕೊಂಡಿಗಳ ಸೆಟ್ ಕೊಳ್ಳುವಷ್ಟು ದುಡ್ಡು ಈಗಿಲ್ಲ. ಸಾಲದ್ದಕ್ಕೆ ಮಳೆಯಲ್ಲಿ ಪ್ರೈಮರ್ (ಬಣ್ಣದ ಕೆಳಗಿನ ಅಸ್ತರಿ) ಹೊಡೆದು ಗೋಪುರದ (ನಳಿಕೆ ಹೊತ್ತ ಮೇಲ್ಭಾಗದ) ಮೇಲೆ ಬಿಳಿ ಮಂಜು ಕೂತಿದೆ. ದಾರಿ ಹೇಳಿ.

ಹಳೇ ಬ್ರಷ್
ನಿಮ್ಮ ದೊಡ್ಡಪ್ಪ ಹೇಳಿದ್ದು ಸರಿ. ಟಿ-55ಕ್ಕೆ ಒಂದೊಂದು ಬದಿಗೆ ಐದು ದೊಡ್ಡ ಚಕ್ರ ಅಷ್ಟೇ. ಟ್ರ್ಯಾಕನ್ನು ಮೇಲೆ ಎತ್ತಿಹಿಡಿಯುವ ಸಣ್ಣ ಉರುಳೆಗಳಿಲ್ಲ, ಹಾಗಾಗಿ ಅದು ಚಕ್ರಗಳ ಮೇಲೇ ಬೀಳಬೇಕು. ಮೊದಲನೇ ಮತ್ತು ಎರಡನೇ ಚಕ್ರದ ನಡುವೆ ಅಂತರ ಜಾಸ್ತಿ, ಅಲ್ಲಿ ಇನ್ನೂ ಸ್ವಲ್ಪ ಜೋಲಲಿ. ಟಿ-55ರ ಗುರುತೇ ಆ ಅಂತರ.

ಹೊಸ ಸೆಟ್ ಬೇಡ. ಚಕ್ರ, ಟ್ರ್ಯಾಕ್ ಎರಡಕ್ಕೂ ಬಣ್ಣ ಬಳಿದು ಒಣಗಿದ ಮೇಲೆ ಜೋಡಿಸಿ. ಚಕ್ರ ತಾಗುವ ಕಡೆ ಬಣ್ಣ ಕೆರೆದು, ನಡುವಿನ ಚಕ್ರಗಳ ನೆತ್ತಿಗೆ ಸೂಜಿ ತುದಿಯಿಂದ ಒಂದೊಂದೇ ಹನಿ ಫೆವಿಕ್ವಿಕ್ ಇಡಿ. ಫೆಂಡರ್ (ಟ್ರ್ಯಾಕ್ ಮೇಲಿನ ತಗಡು) ಮತ್ತು ಟ್ರ್ಯಾಕ್ ನಡುವೆ ಸ್ಪಂಜಿನ ತುಂಡು ತುರುಕಿ ರಾತ್ರಿಯಿಡೀ ಬಿಡಿ. ಎರಡೂ ತುದಿಯ ಚಕ್ರ ಮರುದಿನಕ್ಕೆ. ಆತುರಪಟ್ಟು ಒಂದೇ ಸಲ ಅಂಟಿಸಲು ಹೋಗಿ ನಾನು ಒಂದು ಟಿ-55ರ ಹಲ್ಲುಚಕ್ರ ಕಿತ್ತುಕೊಂಡಿದ್ದೇನೆ.

ಕಂಚಿನ ನಳಿಕೆ
ಆ ಡಬ್ಬಿಯ ಬಗ್ಗೆ ಹೇಳುವುದು ನನಗೆ ತುಂಬ ಖುಷಿಯ ವಿಷಯ. ಪಾಕಿಸ್ತಾನದ ಬಳಿ ಇದ್ದ ಟೈಪ್ 59 ಟ್ಯಾಂಕ್, ಟಿ-55ರ ಹಿಂದಿನ ಮಾದರಿಯಾದ ಟಿ-54ರ ಚೀನೀ ನಕಲು. ದೂರದಿಂದ ನೋಡಿದರೆ ನಮ್ಮ ಟಿ-55, ಅವರ ಟೈಪ್ 59 ಎರಡೂ ಒಂದೇ. ನಮ್ಮವರ ಗುಂಡು ನಮ್ಮವರಿಗೇ ಬೀಳಬಾರದೆಂದು 1971ರಲ್ಲಿ ನಳಿಕೆಯ ನಡುಭಾಗಕ್ಕೆ ಒಂದು ಸುಳ್ಳು ಹೊಗೆಡಬ್ಬಿ ಹಾಕಿದರು. ಗುಂಡು ಹಾರಿದ ಮೇಲೆ ಹೊಗೆಯನ್ನು ಹೊರಗೆಳೆಯುವ ನಿಜವಾದದ್ದು ನಳಿಕೆಯ ತುದಿಯಲ್ಲೇ ಇರುತ್ತದೆ, ಅದನ್ನು ತೆಗೆಯಬೇಡಿ.

ಮಾಸ್ಕಿಂಗ್ ಟೇಪನ್ನು ಒಂದೇ ಅಗಲಕ್ಕೆ ಕತ್ತರಿಸಿ ನಳಿಕೆಗೆ ಬಿಗಿಯಾಗಿ ಸುತ್ತುತ್ತಾ ಹೋಗಿ. ತೆಳು ಫೆವಿಕ್ವಿಕ್ ಕುಡಿಸಿ, ಗಟ್ಟಿಯಾದ ಮೇಲೆ ಉಜ್ಜಿ. ಉದ್ದ, ದಪ್ಪ ಎಷ್ಟೆಂದು ಹಳೆಯ ಫೋಟೋ ನೋಡಿ. ಅದಕ್ಕಿಂತ ಮೊದಲು ದೊಡ್ಡಪ್ಪನನ್ನೇ ಕೇಳಿ.

ಬಿಳಿ ಮಂಜು ಗಾಳಿಯ ತೇವದ್ದು. ಬಿಸಿಲು ಬಿದ್ದ ದಿನ 1000 ನಂಬರಿನ ಉಜ್ಜುಕಾಗದದಲ್ಲಿ ಉಜ್ಜಿ ಮತ್ತೆ ಹೊಡೆಯಿರಿ. ಗೋಪುರ ಎರಕದ್ದು, ತೀರಾ ನುಣುಪು ಮಾಡಬೇಡಿ. ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರನ್ನು ಸವೆದ ಬ್ರಷ್‌ನಿಂದ ಕುಟ್ಟಿದರೆ ಎರಕದ ಒರಟು ಬರುತ್ತದೆ.

ಕಡಲತೀರದ ಕಿಟ್
ಇಬ್ಬರಿಗೂ ತುಂಬ ಧನ್ಯವಾದ. ಒಂದು ಬದಿಯ ಟ್ರ್ಯಾಕ್ ಕೂತಿತು. ಸ್ಪಂಜು ತೆಗೆದಾಗ ಮೊದಲ ಸಲ ಅದು ಮೂವತ್ತಾರು ಟನ್ ತೂಗುವ ವಸ್ತುವಿನಂತೆ ಕಂಡಿತು.

ರಾತ್ರಿ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ದೊಡ್ಡಪ್ಪ ಡಬ್ಬಿಯನ್ನು ಎರಡು ಸಲ ಹಿಂದೆ ಸರಿಸಿಸಿದರು. ಆಮೇಲೆ ಒಳಗೆ ಬಲಗಡೆ ನಿಂತು ಎಡಗೈಯಲ್ಲಿ ಶೆಲ್ ತಳ್ಳುತ್ತಿದ್ದುದನ್ನು ಕುರ್ಚಿಯಲ್ಲೇ ಮಾಡಿ ತೋರಿಸಿದರು. "ಬಲಗಡೆ ಮುಚ್ಚಳ ತೆರೆದಿಡು" ಅಂದರು. ತೆರೆದೇ ಅಂಟಿಸುತ್ತಿದ್ದೇನೆ.