ಕರು ಸತ್ತೋಯ್ತು, ಗುಂಪಲ್ಲಿ ಬ್ಲೂ ಟಿಕ್ ಅಷ್ಟೇ

ಮನೆ 41: ರಾತ್ರಿ ಎರಡೂವರೆಗೆ ಮೂರು ಮೆಸೇಜ್ ಹಾಕ್ದೆ, ಹನ್ನೊಂದು ಜನ ನೋಡಿದೀರಿ, ಒಬ್ರೂ ಬಾಗಿಲು ತೆಗೀಲಿಲ್ಲ. ಹಾಲಿನಮ್ಮನ ಕರು ಹೋಯ್ತು. ಮೋರಿ ನೀರು ನನ್ ಮೊಣಕಾಲಿಗೆ ಬಂದಿತ್ತು, ಕರು ಗೂಟದ ಸುತ್ತ ಹಗ್ಗ ಸುತ್ಕೊಂಡು ಮೂತಿ ಮಾತ್ರ ಮೇಲೆ ಇಟ್ಕೊಂಡಿತ್ತು, ನೆಂದ ನೈಲಾನ್ ಹಗ್ಗದ ಗಂಟು ಬರಿಗೈಲಿ ಬಿಚ್ಚಕ್ಕಾಗುತ್ತಾ? ಒಂದು ಕುಡ್ಲು ತಂದುಕೊಡೋರು ಯಾರೂ ಇರ್ಲಿಲ್ಲ. ನಾಚ್ಕೆ ಆಗ್ಬೇಕು ಕಣ್ರೀ.

2ನೇ ಕ್ರಾಸ್ ಅಂಕಲ್: ಆ ಖಾಲಿ ಸೈಟಲ್ಲಿ ದನ ಕಟ್ಟಬೇಡಿ ಅಂತ ನಾನು ಹೋದ ವರ್ಷಾನೇ ಹೇಳಿದ್ದೆ. ನನ್ ಮಾತು ಯಾರು ಕೇಳ್ತಾರೆ.

ಮನೆ 18: ಅಂಕಲ್, ವಾಸನೆ ಅಂತ ನಿಮ್ಮ ಗೇಟ್ ಎದುರಿಂದ ಆ ತಗ್ಗಿಗೆ ಓಡಿಸಿದ್ದು ಯಾರು? ನೀವೇ ತಾನೆ?

2ನೇ ಕ್ರಾಸ್ ಅಂಕಲ್: ನಾನು ದನ ತೆಗೀರಿ ಅಂದೆ, ಅಲ್ಲೋಗಿ ಕಟ್ಟಿ ಅಂದ್ನಾ? ಅದೂ ಅಲ್ದೆ ಮೋರಿ ಮೇಲೆ ರ‍್ಯಾಂಪ್ ಕಟ್ಟಿ ನೀರು ತಡೆದಿರೋರು ಯಾರು ಅಂತ 18ನೇ ನಂಬರಿನೋರೇ ಹೇಳ್ಲಿ.

ಲಕ್ಷ್ಮಿ ಪೂಜೆ ಆಂಟಿ: ಶುಭೋದಯ 🌸 ನಗುತಾ ಇರಿ, ನಗಿಸುತಾ ಇರಿ

ಮನೆ 27: ಆಂಟಿ, ಸಾವಿನ ಮನೇಲಿ ಶುಭೋದಯನಾ 🙏

ಮೂಲೆಮನೆ ತಾತ: ಬೈಕೊಳೋದು ಆಮೇಲೆ. ನಾನು ಪಶು ಆಸ್ಪತ್ರೇಲಿ ಕಾಂಪೌಂಡರ್ ಆಗಿದ್ದೋನು, ಕೇಳಿ. ತಾಯಿ ಹಸು ಹೆಂಗಿದೆ?

ಮನೆ 41: ಮಲಗಿದೆ ತಾತ, ಎದ್ದೇಳ್ತಿಲ್ಲ. ರಾತ್ರಿ ಗಾಬರೀಲಿ 108ಕ್ಕೆ ಮಾಡ್ಬಿಟ್ಟೆ, ಅದು ಮನುಷ್ಯರಿಗೆ ಸಾರ್ ಅಂದ್ರು.

ಮೂಲೆಮನೆ ತಾತ: ಪ್ರಾಣಿಗಳಿಗೆ 1962 ಕಣಪ್ಪ, ಈಗ್ಲೇ ಮಾಡು. ರಾತ್ರಿ ಬರ್ತಾರಾ ಇಲ್ವಾ ಅಂತಾನೂ ಕೇಳಿಟ್ಕೋ. ಒಂದು ಮಗ್ಗುಲಿಗೆ ಬಿದ್ದಿದ್ರೆ ಬಿಡಬೇಡ, ಹೊಟ್ಟೆ ಉಬ್ರುಸ್ಕೊಳ್ಳುತ್ತೆ. ಎದೆ ಮೇಲೆ ಕೂರಂಗೆ ಎತ್ತಿ ಪಕ್ಕಕ್ಕೆ ಗೋಣಿಚೀಲ ಕೊಡಿ, ಮೈ ಒರೆಸಿ.

2ನೇ ಕ್ರಾಸ್ ಅಂಕಲ್: ಬಿಸಿ ಕಷಾಯಕ್ಕೆ ಎಳ್ಳೆಣ್ಣೆ ಹಾಕಿ ಗೊಟ್ಟದಲ್ಲಿ ಕುಡಿಸಿ, ಎದ್ದು ನಿಲ್ಲುತ್ತೆ. ನಮ್ಮಪ್ಪ ಮಾಡ್ತಿದ್ರು.

ಮೂಲೆಮನೆ ತಾತ: ಖಂಡಿತ ಬೇಡ! ನುಂಗಕ್ಕಾಗದ ಹಸೂಗೆ ಬಾಯಿಗೆ ಸುರಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ, ಆಮೇಲೆ ಡಾಕ್ಟ್ರು ಬಂದ್ರೂ ಉಳಿಯಲ್ಲ. ಮತ್ತೆ 41, ನಿನ್ ಕಾಲಲ್ಲಿ ಗಾಯ ಗೀಯ ಇದ್ರೆ ನೀನೂ ತೋರಿಸ್ಕೊ, ಮೋರಿ ನೀರಲ್ಲಿ ಇಲಿಜ್ವರ ಬರುತ್ತೆ.

ಮನೆ 18: ಕರು ಹೂಳಕ್ಕೆ ಜೆಸಿಬಿಯೋರಿಗೆ ಹೇಳ್ಲಾ?

ಮೂಲೆಮನೆ ತಾತ: ತಡಿ. ಮೊದ್ಲು ಡಾಕ್ಟ್ರು ನೋಡಿ ಪೋಸ್ಟ್‌ಮಾರ್ಟಂ ಕಾಗದ ಬರೀಬೇಕು, ಕಿವಿಓಲೆ ನಂಬರ್ ಸಮೇತ ಫೋಟೋ ತೆಗೀರಿ. ನೆರೆಲಿ ಸತ್ತ ಕರೂಗೆ 2022ರ ಸರ್ಕಾರಿ ಪರಿಹಾರದ ಪಟ್ಟಿ ಪ್ರಕಾರ 20,000 ರೂಪಾಯಿ ಇತ್ತು, ಹಾಲು ಕರೆಯೋ ಹಸೂಗೆ 37,500. ಕಾಗದ ಇಲ್ದೆ ಹೂತ್ರೆ ಆಯಮ್ಮಂಗೆ ಒಂದು ಪೈಸೆ ಬರಲ್ಲ. ಆಮೇಲೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ, ನಾಯಿ ಕೆದಕಬಾರ್ದು.

ಮನೆ 41: ಕರೂಗೆ ಓಲೆನೇ ಹಾಕ್ಸಿಲ್ಲ ತಾತ. ಆಯಮ್ಮ ಅದರ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದಾರೆ, ಮಾತೇ ಆಡ್ತಿಲ್ಲ.

2ನೇ ಕ್ರಾಸ್ ಅಂಕಲ್: ಓಲೆ ಇಲ್ಲ, ಲಸಿಕೆ ಇಲ್ಲ. ನಾಳೆ ರೋಗ ಹರಡಿದ್ರೆ? 2022ರಲ್ಲಿ ಚರ್ಮಗಂಟು ಬಂದಾಗ ನೋಡ್ಲಿಲ್ವಾ.

ಮೂಲೆಮನೆ ತಾತ: ಅದು ಸೊಳ್ಳೆ ನೊಣದಿಂದ ದನಕ್ಕೆ ಬರೋದು, ನಿಮಗೆ ಬರಲ್ಲ. ನೀರು ನಿಲ್ಲಿಸಿರೋರೇ ಸೊಳ್ಳೆ ಸಾಕ್ತಿರೋದು.

ಮನೆ 27: 2020ರಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲಿ ಹಕ್ಕಿಜ್ವರ ಬಂದು ಸುತ್ತ ಇದ್ದ ಕೋಳಿ ಎಲ್ಲಾ ಕೊಂದ್ರಲ್ಲ, ಆಗ ನಮ್ಮ ಮಾವ ನಾಟಿಕೋಳಿನ ಬಾತ್‌ರೂಮಲ್ಲಿ ಬಚ್ಚಿಟ್ಟಿದ್ರು 😂 ಅದು ಬೆಳಗಿನ ಜಾವ ಕೂಗಿ ಮಾನ ಕಳೀತು

ಮನೆ 9: ನನ್ದೊಂದು ಸಲಹೆ. ನಾನು ನಂಜನಗೂಡು ಕಡೆಯೋನು, 2019ರಲ್ಲಿ ಕಬಿನಿ ನೀರು ಬಂದಾಗ ನೋಡಿದೀನಿ, ದನ ಬಿಚ್ಚಿಬಿಟ್ರೆ ತಾನೇ ದಿಬ್ಬ ಹುಡುಕ್ಕೊಂಡು ಹೋಗುತ್ತೆ, ಕಟ್ಟಿರೋದೇ ಸಾಯೋದು. ಮಳೆ ಜೋರಾದ ರಾತ್ರಿ ಪಾರ್ಕ್ ಗೇಟ್ ತೆಗೆದಿಡೋಣ, ಅದೇ ಎತ್ತರ ಇರೋದು. ಒಂದು ಕುಡ್ಲು, ಟಾರ್ಚು, 1962 ಬರ್ದಿರೋ ಬೋರ್ಡು. ಸರದಿ ಮೇಲೆ ಇಬ್ರು ಫೋನ್ ಆನ್ ಇಟ್ಕೊಳ್ಳಿ.

ಮನೆ 18: ನಾನು ರೆಡಿ.

2ನೇ ಕ್ರಾಸ್ ಅಂಕಲ್: ಪಾರ್ಕಲ್ಲಿ ದನಾನಾ?! ಟೈಲ್ಸ್ ಹಾಕ್ಸಿದ್ದು ನಮ್ಮ ದುಡ್ಡಲ್ಲಿ. ಬೆಳಿಗ್ಗೆ ವಾಕಿಂಗ್ ಹೋಗೋರು ಸಗಣಿ ತುಳೀಬೇಕಾ?

ಮನೆ 9: ಬೀಗದ ಕೀ ಯಾರತ್ರ ಇದೆ ಅಷ್ಟು ಹೇಳಿ.

ಅಡ್ಮಿನ್: ನನ್ನತ್ರ ಇಲ್ಲ. ಹೋದ ಗಣೇಶನ ಹಬ್ಬಕ್ಕೆ 27ರೋರು ತಗೊಂಡಿದ್ರು.

ಮನೆ 27: ವಾಪಸ್ ಕೊಟ್ಟಿದೀನಿ ಸಾರ್, ಸಾಕ್ಷಿ ಇದೆ. ಹಬ್ಬದ ಲೆಕ್ಕ ಇನ್ನೂ ಯಾರೂ ಕೊಟ್ಟಿಲ್ಲ, ಅದನ್ನ ಕೇಳಿ ಮೊದ್ಲು.

2ನೇ ಕ್ರಾಸ್ ಅಂಕಲ್: ಹೌದು, ಲೆಕ್ಕ ಎಲ್ಲಿ? ಪೆಂಡಾಲ್‌ಗೆ ಅಷ್ಟು ದುಡ್ಡು ಹೆಂಗಾಯ್ತು?

ಅಡ್ಮಿನ್: ಭಾನುವಾರ ಹತ್ತು ಗಂಟೆಗೆ ಪಾರ್ಕ್ ಹತ್ರ ಮೀಟಿಂಗ್. ವಿಷಯ: ಗಣೇಶನ ಲೆಕ್ಕ, ಬೀಗದ ಕೀ, ಇತರೆ. ಪೋಲ್ ಹಾಕಿದೀನಿ, ಬರೋರು ಒತ್ತಿ.

ಮನೆ 41: 1962ನೋರು ಮಾತಾಡಿದ್ರು, ಗಾಡಿ ಬರ್ತಿದೆ. ಗೋಣಿಚೀಲ ಯಾರ ಮನೇಲಾದ್ರೂ ಇದ್ಯಾ?

2ನೇ ಕ್ರಾಸ್ ಅಂಕಲ್: ಎರಡು ಇದೆ. ಕಾಂಪೌಂಡ್ ಮೇಲೆ ಹಾಕಿದೀನಿ, ಬಂದು ತಗೊಂಡು ಹೋಗಿ. ಬೆಲ್ ಮಾಡಬೇಡಿ.

ಲಕ್ಷ್ಮಿ ಪೂಜೆ ಆಂಟಿ: ಇವತ್ತು ಹಾಲು ಬರಲ್ವಾ ಹಂಗಾದ್ರೆ?